ಕೊಡಗಿನ ಮಳೆ, ಮಂಜು, ಅಡುಗೆಮನೆಗೆ ಒಗ್ಗುವ ಕ್ಯಾಮೆರಾ: ಬ್ಲಾಗ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಕೊಂಡ ಮೊದಲ ಕ್ಯಾಮೆರಾವನ್ನು ಜೂನ್ ಮೊದಲ ವಾರದಲ್ಲಿ ಅದರ ಚರ್ಮದ ಚೀಲದೊಳಗಿಟ್ಟು, ಮಳೆ ಕಳೆಯುವವರೆಗೆ ಸುರಕ್ಷಿತವಾಗಿರಲೆಂದು ಮರದ ಬೀರುವಿನ ಮೇಲಿನ ಅರೆಯಲ್ಲಿ ಬಟ್ಟೆಗಳ ನಡುವೆ ಇರಿಸಿದ್ದೆ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತದ ದಿನ ಮನೆಯ ಕೋವಿ, ಕತ್ತಿಗಳನ್ನು ಒರೆಸಿ ಪೂಜೆಗಿಡುವ ಹೊತ್ತಿಗೆ ಅದನ್ನೂ ಹೊರತೆಗೆದೆ. ಲೆನ್ಸಿನ ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿದಾಗ, ಗಾಜಿನ ಅಂಚಿನಿಂದ ನಡುಭಾಗದ ಕಡೆಗೆ ಜೇಡನ ಎಳೆಗಳಂತಹ ಬಿಳಿಯ ಬೂಷ್ಟು ಹಬ್ಬಿರುವುದು ಕಂಡಿತು. ಅದನ್ನು ಬಿಚ್ಚಿ ಶುಚಿಗೊಳಿಸಲು ಕೇಳಿದ ಹಣ ಲೆನ್ಸಿನ ಬೆಲೆಗೆ ಹತ್ತಿರವಾಗಿತ್ತು. ಆ ದಿನದಿಂದ, ಯಾವ ಕ್ಯಾಮೆರಾ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಅದನ್ನು ಮಳೆಗಾಲದಲ್ಲಿ ಎಲ್ಲಿಡುತ್ತೀರಿ ಎಂಬ ಪ್ರಶ್ನೆಯನ್ನು ನಾನು ಮೊದಲು ಕೇಳುತ್ತೇನೆ. ಬಯಲುಸೀಮೆಯಲ್ಲಿ ಕುಳಿತು ಬರೆದ ಸಲಹೆಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಬರುವುದೇ ಇಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಕ್ಯಾಮೆರಾದ ಆಯ್ಕೆ, ಹಣದ ಹಂಚಿಕೆ, ಕೊಳ್ಳುವ ತಿಂಗಳು ಎಲ್ಲವೂ ಇದರ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಒಂದು ತಿಂಗಳು ಫೋನಿನಲ್ಲೇ ತೆಗೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ತಿಂಗಳ ಕಾಲ ನಿಮ್ಮ ಬ್ಲಾಗಿಗೆ ಬೇಕಾದ ಎಲ್ಲ ಚಿತ್ರಗಳನ್ನೂ ವಿಡಿಯೊಗಳನ್ನೂ ಕೈಯಲ್ಲಿರುವ ಫೋನಿನಿಂದಲೇ ತೆಗೆದು, ಎಲ್ಲಿ ಅದು ಸೋತಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಗಲು ಬೆಳಕಿನಲ್ಲಿ ತೋಟದ ದಾರಿ, ಹೋಂಸ್ಟೇಯ ಜಗಲಿ, ತಟ್ಟೆಯಲ್ಲಿನ ಅಕ್ಕಿ ರೊಟ್ಟಿ, ಇವುಗಳಿಗೆ ಇಂದಿನ ಫೋನುಗಳು ಸಾಕು. ಅಂತಹ ಚಿತ್ರಗಳಷ್ಟೇ ನಿಮಗೆ ಬೇಕಿದ್ದರೆ ಕ್ಯಾಮೆರಾ ಕೊಳ್ಳದೆ ಒಂದು ಟ್ರೈಪಾಡ್ ಮತ್ತು ಒಂದು ಮೈಕ್ ಕೊಂಡು ಅಲ್ಲಿಗೇ ನಿಲ್ಲಿಸಬಹುದು.

ನನ್ನ ಪುಸ್ತಕದಲ್ಲಿ ಕೊನೆಗೆ ಉಳಿದದ್ದು ಮೂರು ಸೋಲುಗಳು. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ದೀಪದ ಬೆಳಕಿನಲ್ಲಿ ಮುಖಗಳು ಮಸುಕಾಗಿ, ಚುಕ್ಕಿ ಚುಕ್ಕಿಯಾಗಿ ಬಂದಿದ್ದವು. ಕಾಫಿಯ ಹೂವನ್ನು ಹತ್ತಿರದಿಂದ ತೆಗೆದಾಗ ಹಿನ್ನೆಲೆಯ ಗಿಡಗಳೆಲ್ಲ ಹೂವಿನಷ್ಟೇ ಸ್ಪಷ್ಟವಾಗಿದ್ದು, ನೋಡುವ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತಿರಲಿಲ್ಲ. ಹೊರಗೆ ಮಾತನಾಡಿದ ವಿಡಿಯೊಗಳಲ್ಲಿ ಗಾಳಿಯ ಸದ್ದು ಮಾತನ್ನು ನುಂಗಿತ್ತು. ನಿಮ್ಮ ಪಟ್ಟಿ ಬೇರೆಯಾಗಿರಬಹುದು. ಆದರೆ ಆ ಪಟ್ಟಿಯಿಲ್ಲದೆ ಅಂಗಡಿಗೆ ಹೋದವರು ಮಾರುವವರ ಪಟ್ಟಿಯನ್ನು ಹಿಡಿದುಕೊಂಡು ಹಿಂದಿರುಗುತ್ತಾರೆ.

ಇಲ್ಲಿಯೇ, ಚಿತ್ರದ ಚುಕ್ಕಿಗಳನ್ನು ಹತ್ತು ಲಕ್ಷಗಳ ಲೆಕ್ಕದಲ್ಲಿ ಎಣಿಸುವ ಮೆಗಾಪಿಕ್ಸೆಲ್ ವಿಚಾರವನ್ನು ಮುಗಿಸಿಬಿಡುತ್ತೇನೆ. ಬ್ಲಾಗಿನಲ್ಲಿ ಹಾಕುವ ಚಿತ್ರದ ಅಗಲ ಹೆಚ್ಚೆಂದರೆ 2000 ಪಿಕ್ಸೆಲ್ ಇರುತ್ತದೆ. 4ಕೆ ವಿಡಿಯೊದ ಒಂದು ಚೌಕಟ್ಟು 3840 ಅಗಲ, 2160 ಎತ್ತರ, ಅಂದರೆ ಸುಮಾರು 8.3 ಮೆಗಾಪಿಕ್ಸೆಲ್. ಇಂದು ದೊರೆಯುವ ಸಾಧಾರಣ ಕ್ಯಾಮೆರಾಗಳಲ್ಲಿಯೂ 20ರಿಂದ 24 ಮೆಗಾಪಿಕ್ಸೆಲ್ ಇರುವುದರಿಂದ, ಅದಕ್ಕಿಂತ ಹೆಚ್ಚಿನ ಸಂಖ್ಯೆಗೆ ಹಣ ಕೊಡಬೇಕಾದ ಅಗತ್ಯ ಬ್ಲಾಗ್ ಬರೆಯುವವರಿಗಿಲ್ಲ.

ಎರಡನೆಯ ಹೆಜ್ಜೆ: ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಆಯ್ಕೆ

ಚಿತ್ರ ಮತ್ತು ವಿಡಿಯೊ ಎರಡೂ ಬೇಕೆನ್ನುವವರು ಇಂದು ಹೊಸದಾಗಿ ಕೊಳ್ಳುವುದಾದರೆ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾವನ್ನೇ ಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಡಿಮೆ ಬೆಲೆಗೆ ಸಿಗುತ್ತದೆಂದು ಹಲವರು ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್‌ಗಳ ಕಡೆಗೆ ಒಲಿಯುತ್ತಾರೆ. ಫೋಟೊ ಮಾತ್ರ ಸಾಕೆಂದರೆ ಅದು ತಪ್ಪಲ್ಲ, ಆದರೆ ವಿಡಿಯೊದ ಮಾತು ಬಂದಾಗ ಅವುಗಳ ಕೊರತೆ ಬೇಗ ಕಾಣಿಸುತ್ತದೆ. ಉದಾಹರಣೆಗೆ, ನಮ್ಮಲ್ಲಿ ಬಹಳ ಮಾರಾಟವಾದ ಕ್ಯಾನನ್ 1500ಡಿಯಲ್ಲಿ ಹೊರಗಿನ ಮೈಕ್ ಜೋಡಿಸುವ ಕಿಂಡಿಯೇ ಇಲ್ಲ. 2019ರಲ್ಲಿ ಬಂದ 200ಡಿ ಮಾರ್ಕ್ 2ರಲ್ಲಿ ಆ ಕಿಂಡಿಯೂ ತಿರುಗುವ ಪರದೆಯೂ ಇದ್ದರೂ, 4ಕೆಯಲ್ಲಿ ಚೌಕಟ್ಟು ಬಹಳಷ್ಟು ಕಿರಿದಾಗುತ್ತದೆ ಮತ್ತು ಫೋಕಸ್ ಹಿಡಿಯುವ ಅದರ ಒಳ್ಳೆಯ ವ್ಯವಸ್ಥೆ 4ಕೆಯಲ್ಲಿ ಕೆಲಸ ಮಾಡುವುದಿಲ್ಲ.

ಮಿರರ್‌ಲೆಸ್‌ಗಳಲ್ಲಿ ಹೊಸಬರು ಹೋಲಿಸಿ ನೋಡಬೇಕಾದವು ಮುಖ್ಯವಾಗಿ ಮೂರು: 2021ರಲ್ಲಿ ಬಂದ ಸೋನಿ ಝಡ್‌ವಿ-ಇ10, 2022ರ ನಿಕಾನ್ ಝಡ್30, 2023ರ ಕ್ಯಾನನ್ ಆರ್50. ಮೂರರಲ್ಲಿಯೂ ಎಪಿಎಸ್-ಸಿ ಎಂಬ ನಡು ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಫಲಕ), 4ಕೆ ವಿಡಿಯೊ, ನಮ್ಮ ಕಡೆಗೆ ತಿರುಗುವ ಪರದೆ ಮತ್ತು 3.5 ಮಿ.ಮೀ. ಮೈಕ್ ಕಿಂಡಿ ಇವೆ. ಇವುಗಳಲ್ಲಿ ವ್ಯೂಫೈಂಡರ್ ಇರುವುದು ಆರ್50ರಲ್ಲಿ ಮಾತ್ರ. ಅದು ಏಕೆ ಬೇಕೆಂಬುದು ಜನವರಿಯ ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ನಿಂತವರಿಗೆ ತಿಳಿಯುತ್ತದೆ. ಸಿಮೆಂಟಿನ ಕಣದಿಂದ ಚಿಮ್ಮುವ ಬಿಸಿಲಿನಲ್ಲಿ ಹಿಂಬದಿಯ ಪರದೆಯಲ್ಲಿ ನಮ್ಮ ಮುಖದ ನೆರಳಲ್ಲದೆ ಬೇರೇನೂ ಕಾಣುವುದಿಲ್ಲ, ವ್ಯೂಫೈಂಡರಿಗೆ ಕಣ್ಣಿಟ್ಟರೆ ಒಂದೊಂದು ಕಾಳೂ ಕಾಣುತ್ತದೆ. ಮನೆಯೊಳಗೆ ಕುಳಿತು ಮಾತನಾಡುವವರಿಗೆ, ಅಡುಗೆ ತೋರಿಸುವವರಿಗೆ ಅದಿಲ್ಲದೆಯೂ ನಡೆಯುತ್ತದೆ. ಮಾತನ್ನು ಕಿವಿಯಿಂದ ಕೇಳುತ್ತಾ ದಾಖಲಿಸಲು ಬೇಕಾದ ಹೆಡ್‌ಫೋನ್ ಕಿಂಡಿ ಇರುವುದು ಝಡ್‌ವಿ-ಇ10ರಲ್ಲಿ. ಸಂದರ್ಶನ ಮಾಡುವವರಿಗೆ ಇದು ವ್ಯೂಫೈಂಡರಿಗಿಂತ ದೊಡ್ಡ ಅನುಕೂಲ.

ಈ ಮೂರರಲ್ಲಿಯೂ ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆಯಿಲ್ಲ. ಇಳಿಜಾರಿನ ತೋಟದಲ್ಲಿ ನಡೆಯುತ್ತಾ ಮಾತನಾಡುವುದೇ ನಿಮ್ಮ ಬ್ಲಾಗಿನ ರೀತಿಯಾದರೆ, 2023ರಲ್ಲಿ ಬಂದ ಡಿಜೆಐ ಆಸ್ಮೋ ಪಾಕೆಟ್ 3ರಂತಹ, ಒಂದು ಇಂಚಿನ ವರ್ಗದ ಸೆನ್ಸರನ್ನು ಅಲುಗಾಟ ನುಂಗುವ ಪುಟ್ಟ ಗಿಂಬಲ್ ಮೇಲೆ ಕೂರಿಸಿದ ಸಾಧನ ಹೆಚ್ಚು ಉಪಯುಕ್ತ. ಆದರೆ ಅದರಲ್ಲಿ ಲೆನ್ಸ್ ಬದಲಿಸಲಾಗದು, ದೂರದ ಹಕ್ಕಿಯನ್ನಾಗಲಿ ಹತ್ತಿರದ ಹೂವನ್ನಾಗಲಿ ಅದರಿಂದ ನಿರೀಕ್ಷಿಸಬಾರದು. ಇನ್ನು ಆಟಿ ತಿಂಗಳ ಮಳೆಯಲ್ಲಿಯೂ ಹೊರಗೆ ನಿಂತು ಕೆಲಸ ಮಾಡಲೇಬೇಕೆನ್ನುವವರು ನೀರು ಮತ್ತು ದೂಳಿಗೆ ತಡೆಯಿರುವ, ಐಪಿ53 ದರ್ಜೆಯ ಒಎಂ ಸಿಸ್ಟಂ ಒಎಂ-5ರಂತಹ ಬಾಡಿಯನ್ನು ನೋಡಬೇಕು. ಒಂದು ಮಾತನ್ನು ಮರೆಯಬಾರದು: ಬಾಡಿಯ ಮೇಲೆ ಕೂರಿಸುವ ಲೆನ್ಸ್‌ಗೂ ಅದೇ ತಡೆ ಇಲ್ಲದಿದ್ದರೆ ನೀರು ಜೋಡಣೆಯ ಅಂಚಿನಿಂದಲೇ ಒಳಗಿಳಿಯುತ್ತದೆ. ನೀರಿಳಿದು ಕೆಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ದೊರೆಯುವುದಿಲ್ಲ.

ಮೂರನೆಯ ಹೆಜ್ಜೆ: ಬೆಳಕು, ಸೆನ್ಸರ್, ಲೆನ್ಸ್

ಕೊಡಗಿನ ಹಗಲು ಕೂಡ ವರ್ಷದ ಹಲವು ತಿಂಗಳು ಮಬ್ಬಾಗಿರುತ್ತದೆ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಿನಡಿಯ ತೋಟ, ಕಿರುಕಿಟಕಿಯ ಹಳೆಯ ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ನಡುಮನೆ, ಹುತ್ತರಿಯ ರಾತ್ರಿ, ಮಡಿಕೇರಿ ದಸರಾದ ದಶಮಂಟಪಗಳು, ಇವೆಲ್ಲ ಕಡಿಮೆ ಬೆಳಕಿನ ಸಂದರ್ಭಗಳೇ. ಪೂರ್ಣ ಚೌಕಟ್ಟಿನ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಎಪಿಎಸ್-ಸಿ ಸುಮಾರು 23.5ಕ್ಕೆ 15.6, ಒಂದು ಇಂಚಿನದೆಂದು ಕರೆಯುವ ಸೆನ್ಸರ್ 13.2ಕ್ಕೆ 8.8. ವಿಸ್ತಾರ ಹೆಚ್ಚಿದಷ್ಟೂ ಅದು ಬೆಳಕನ್ನು ಹೆಚ್ಚು ಕೂಡಿಸಿಕೊಳ್ಳುತ್ತದೆ, ಹಾಗೆಯೇ ಲೆನ್ಸಿನ ತೂಕವೂ ಬೆಲೆಯೂ ಏರುತ್ತವೆ. ಬ್ಲಾಗಿನ ಕೆಲಸಕ್ಕೆ ಎಪಿಎಸ್-ಸಿ ಸರಿಯಾದ ನಡುದಾರಿ.

ದೊಡ್ಡ ಸೆನ್ಸರಿಗೆ ಹಣ ಸುರಿಯುವ ಬದಲು ಬೆಳಕು ಹೆಚ್ಚು ಒಳಬಿಡುವ ಒಂದು ಲೆನ್ಸ್ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕ್ಯಾಮೆರಾದೊಂದಿಗೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಅದು ಅಗಲ) ಸಾಮಾನ್ಯವಾಗಿ ಎಫ್ 5.6 ಅಥವಾ ಅದಕ್ಕಿಂತ ಕಿರಿದಾಗಿರುತ್ತದೆ. ಎಫ್ 1.8 ಇರುವ 35 ಅಥವಾ 50 ಮಿ.ಮೀ. ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಎಪಿಎಸ್-ಸಿ ಬಾಡಿಯಲ್ಲಿ 35 ಮಿ.ಮೀ. ಲೆನ್ಸ್ ನಮ್ಮ ಕಣ್ಣಿನ ನೋಟಕ್ಕೆ ಹತ್ತಿರವಾದ ಚೌಕಟ್ಟನ್ನು ಕೊಡುವುದರಿಂದ ಅಡುಗೆಗೂ ಮನೆಯವರ ಚಿತ್ರಕ್ಕೂ ಒಂದೇ ಲೆನ್ಸ್ ಸಾಲುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಇಕ್ಕಟ್ಟಾದ ಅಡುಗೆಮನೆಯ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿಯಬೇಕಾಗುತ್ತದೆ.

ಕಾಫಿ ಹೂವಿನ ವಿಷಯದಲ್ಲಿ ಸಮಯವೇ ಕಡಿಮೆ. ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ತೋಟ ಬೆಳ್ಳಗಾಗಿ ಎರಡು ಮೂರು ದಿನಗಳಲ್ಲಿ ಬಾಡತೊಡಗುತ್ತದೆ. ಆ ಹೂವಿನ ಐದಾರು ಎಸಳುಗಳ ನಡುವಿನ ಕೇಸರವನ್ನು ತೋರಿಸಬೇಕೆನ್ನುವವರಿಗೆ ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಸೆನ್ಸರಿನ ಮೇಲೆ ಮೂಡಿಸುವ ಮ್ಯಾಕ್ರೊ ಲೆನ್ಸ್ ಬೇಕು. ಮೊದಲ ವರ್ಷಕ್ಕೆ ಬಾಡಿ ಮತ್ತು ಲೆನ್ಸಿನ ನಡುವೆ ಜೋಡಿಸುವ ಎಕ್ಸ್‌ಟೆನ್ಶನ್ ಟ್ಯೂಬ್ ಸಾಕು. ಅದರಲ್ಲಿ ಗಾಜಿಲ್ಲದಿರುವುದರಿಂದ ಬೆಲೆಯೂ ಕಡಿಮೆ, ಬೂಷ್ಟಿನ ಭಯವೂ ಇಲ್ಲ. ದೂರದ ಹಕ್ಕಿ, ಪ್ರಾಣಿಗಳಿಗೆ 200 ಮಿ.ಮೀ.ಗಿಂತ ಉದ್ದದ ಲೆನ್ಸ್ ಬೇಕಾಗುತ್ತದೆ. ಅದು ಆಮೇಲಿನ ಮಾತು. ಕಾಡಾನೆ ತೋಟಕ್ಕಿಳಿದಾಗ ಮಾತ್ರ ಯಾವ ಲೆನ್ಸ್ ಕೈಯಲ್ಲಿದ್ದರೂ ಮನೆಯೊಳಗೇ ಉಳಿಯಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾಲ್ಕನೆಯ ಹೆಜ್ಜೆ: ಧ್ವನಿ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಅರ್ಧ ನಿಮಿಷವೂ ಉಳಿಯುವುದಿಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವ ಮನೆಯಲ್ಲಿ ಕ್ಯಾಮೆರಾದ ಒಳಮೈಕ್ ಏನನ್ನೂ ಹಿಡಿಯಲಾರದು. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಬಾಯಿಗೆ ಒಂದು ಗೇಣು ದೂರದಲ್ಲಿರುವುದರಿಂದ ಮಳೆಯ ಸದ್ದು ಹಿಂದೆ ಸರಿದು ಮಾತು ಮುಂದೆ ಬರುತ್ತದೆ. ಹೊರಗೆ ಹೋಗುವಾಗ ಮೈಕಿಗೆ ತುಪ್ಪಳದ ಹೊದಿಕೆ ಹಾಕಿರಿ. ತಂತಿಯ ಮೈಕಿನಿಂದ ಆರಂಭಿಸಿದರೆ ಸಾಕು.

ಐದನೆಯ ಹೆಜ್ಜೆ: ತೇವದಿಂದ ಕಾಯುವ ಏರ್ಪಾಡು

ಇದನ್ನು ಕ್ಯಾಮೆರಾ ಮನೆಗೆ ಬರುವ ಮೊದಲೇ ಮಾಡಿಕೊಳ್ಳಬೇಕು. ಗಾಳಿಯ ಸಾಪೇಕ್ಷ ತೇವಾಂಶ 60 ಶೇಕಡಾ ದಾಟಿ ಬಹುಕಾಲ ನಿಂತರೆ ಲೆನ್ಸಿನೊಳಗಿನ ದೂಳು ಮತ್ತು ಜಿಡ್ಡನ್ನೇ ಆಹಾರ ಮಾಡಿಕೊಂಡು ಬೂಷ್ಟು ಬೆಳೆಯುತ್ತದೆ. ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಆ ಹಂತ ಮುಟ್ಟಿದ ಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳೊಳಗೆ ಒಗೆದ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗಳ ಮೇಲೆ ಹಸಿರು ಕಟ್ಟುತ್ತದೆ. ಅಂತಹ ಗಾಳಿಯಲ್ಲಿ ಲೆನ್ಸ್ ಮಾತ್ರ ಉಳಿಯಲೆಂದು ಆಶಿಸಲಾಗದು. ಬಟ್ಟೆ, ಚರ್ಮ, ಮರ ಮೂರೂ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಕ್ಯಾಮೆರಾವನ್ನು ಅದರ ಚೀಲದಲ್ಲಾಗಲಿ ಬೀರುವಿನಲ್ಲಾಗಲಿ ಇಡಬಾರದು. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವವರೂ ಇದ್ದಾರೆ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂತರೆ ಅದೇ ಬೂಷ್ಟಿಗೆ ಗೊಬ್ಬರವಾಗುತ್ತದೆ. ಅಕ್ಕಿಯ ಡಬ್ಬಿಯೊಳಗೆ ಹುದುಗಿಸುವುದು ಇನ್ನೂ ಕೆಟ್ಟದ್ದು, ಅಕ್ಕಿಯ ಹಿಟ್ಟು ಸಂದುಗಳಿಗೆಲ್ಲ ಇಳಿಯುತ್ತದೆ.

ನಾನು ಅನುಸರಿಸುವ ವಿಧಾನ ಹೀಗಿದೆ. ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ, ಗಾಳಿಯಾಡದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಂಡು, ಅದರ ತಳದಲ್ಲಿ ಅರ್ಧ ಕಿಲೊ ಸಿಲಿಕಾ ಜೆಲ್ ಕಾಳುಗಳನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ ಹರಡಿ, ಹೊರಗಿನಿಂದಲೇ ಓದಲು ಸಾಧ್ಯವಾಗುವಂತೆ ಒಂದು ಪುಟ್ಟ ತೇವಮಾಪಕವನ್ನು ಒಳಗೆ ಅಂಟಿಸಿದ್ದೇನೆ. ಮಾಪಕ 40ರಿಂದ 50ರ ನಡುವೆ ನಿಲ್ಲಬೇಕು. 30ಕ್ಕಿಂತ ಕೆಳಗಿಳಿದು ಬಹಳ ದಿನ ನಿಂತರೆ ರಬ್ಬರ್ ಭಾಗಗಳಿಗೂ ಒಳಗಿನ ಗ್ರೀಸಿಗೂ ಒಳ್ಳೆಯದಲ್ಲವಾದ್ದರಿಂದ ಆಗ ಸ್ವಲ್ಪ ಕಾಳುಗಳನ್ನು ತೆಗೆಯುತ್ತೇನೆ. 55 ದಾಟಿದ ದಿನ ಕಾಳುಗಳನ್ನು ಚೀಲದಿಂದ ಸುರಿದು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಮರಳುವವರೆಗೆ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಹಿಂದಕ್ಕಿಡುತ್ತೇನೆ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸುವಂತಿಲ್ಲ, ಏಕೆಂದರೆ ನೀಲಿ ಕಾಳುಗಳಿಗೆ ಬಣ್ಣ ಬರುವುದು ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡಿನಿಂದ. ಮಕ್ಕಳಿರುವ ಮನೆಯವರು ಕಿತ್ತಳೆ ಬಣ್ಣದ, ಕೋಬಾಲ್ಟ್ ಇಲ್ಲದ ಕಾಳುಗಳನ್ನೇ ಕೇಳಿ ಕೊಳ್ಳಬೇಕು. ಎರಡು ಮೂರು ಲೆನ್ಸುಗಳಾದ ಮೇಲೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಸೂಕ್ತ. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಕರೆಂಟ್ ಹೋದರೂ ಸ್ವಲ್ಪ ಹೊತ್ತಿನ ಮಟ್ಟಿಗೆ ಅದು ಒಣಗಿಯೇ ಇರುತ್ತದೆ.

ಮಂಜಿನ ಅಪಾಯ ಇನ್ನೊಂದು ಬಗೆಯದು. ಮಾಂದಲಪಟ್ಟಿಯ ಬೆಳಗಿನ ಚಳಿಯಲ್ಲಿ ಎರಡು ಗಂಟೆ ಇದ್ದ ಕ್ಯಾಮೆರಾವನ್ನು ನೇರವಾಗಿ ಒಲೆ ಉರಿಯುವ ಅಡುಗೆಮನೆಗೆ ತಂದರೆ, ತಣ್ಣನೆಯ ಲೋಟದ ಹೊರಮೈಯಲ್ಲಿ ನೀರು ಕಟ್ಟುವಂತೆ ಲೆನ್ಸಿನ ಒಳಗೂ ಹೊರಗೂ ಹನಿಗಟ್ಟುತ್ತದೆ. ಹೊರಗಿರುವಾಗಲೇ ಅದನ್ನು ಜಿಪ್ ಚೀಲದಲ್ಲಿ ಹಾಕಿ ಗಾಳಿ ಹಿಂಡಿ ಮುಚ್ಚಿ, ಮನೆಗೆ ಬಂದ ಮೇಲೆ ಸುಮಾರು ಒಂದು ಗಂಟೆ ಹಾಗೆಯೇ ಬಿಟ್ಟು, ಚೀಲದ ಹೊರಮೈ ಒಣಗಿದ ನಂತರ ತೆರೆಯಿರಿ. ಮೆಮೊರಿ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಂಡರೆ ಕಾಯುವಾಗ ಚಿತ್ರಗಳನ್ನು ನೋಡಬಹುದು.

ಆರನೆಯ ಹೆಜ್ಜೆ: ಕಾರ್ಡು, ಬ್ಯಾಟರಿ, ಹಣದ ಹಂಚಿಕೆ

ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಾಗುವ 4ಕೆ ವಿಡಿಯೊ ಒಂದು ಗಂಟೆಗೆ 45 ಜಿಬಿ ಜಾಗ ತೆಗೆದುಕೊಳ್ಳುತ್ತದೆ. ಆದ್ದರಿಂದ ವಿಡಿಯೊ ಬರೆಯುವ ವೇಗವನ್ನು ಸೂಚಿಸುವ ವಿ30 ಗುರುತಿರುವ 128 ಜಿಬಿಯ ಎರಡು ಕಾರ್ಡುಗಳು ಬೇಕು. ಒಂದೇ ದೊಡ್ಡ ಕಾರ್ಡಿಗಿಂತ ಎರಡು ಚಿಕ್ಕವು ಮೇಲು, ಒಂದು ಕೈಕೊಟ್ಟರೂ ಹುತ್ತರಿಯ ಅರ್ಧ ಉಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳವರು ಪವರ್‌ಬ್ಯಾಂಕಿನಿಂದ ಚಾರ್ಜ್ ಆಗುವ ಬಾಡಿಯನ್ನೇ ಆರಿಸಿ, ಒಂದು ಹೆಚ್ಚುವರಿ ಬ್ಯಾಟರಿ ಇಟ್ಟುಕೊಳ್ಳಲಿ. ಒಟ್ಟು ಹಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಾಡಿ ಮತ್ತು ಕಿಟ್ ಲೆನ್ಸಿನ ಮೇಲೆ ಹೋಗಲಿ, ಉಳಿದದ್ದು ಎಫ್ 1.8 ಲೆನ್ಸ್, ಮೈಕ್, ಡಬ್ಬಿ, ಕಾರ್ಡುಗಳಿಗೆ ಮೀಸಲಿರಲಿ.

ಏಳನೆಯ ಹೆಜ್ಜೆ: ಅಂಗಡಿಯಲ್ಲಿ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಕೆಟ್ಟರೆ ಹಿಂದಕ್ಕೆ ಒಯ್ಯುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಜಿಎಸ್‌ಟಿ ಬಿಲ್ಲೂ ಭಾರತದ ವಾರಂಟಿ ಕಾರ್ಡೂ ಇರುವ ಪೆಟ್ಟಿಗೆಯನ್ನೇ ಪಡೆಯಿರಿ. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಕೊಡುವ ಹೊರದೇಶದ ಸರಕಿಗೆ ಇಲ್ಲಿ ಕಂಪನಿಯ ವಾರಂಟಿ ಸಿಗುವುದು ಕಷ್ಟ. ಅಂಗಡಿಯಲ್ಲಿ ನಿಂತೇ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಐದು ನಿಮಿಷ ತೋಳು ಚಾಚಿ ನೋಡಿ, ನಿಮ್ಮ ಮೈಕನ್ನು ಜೋಡಿಸಿ ಮಾತನಾಡಿ ಕೇಳಿ.

ಹಳೆಯದನ್ನು ಕೊಳ್ಳುವವರು ಶಟರ್ ಎಷ್ಟು ಬಾರಿ ಕ್ಲಿಕ್ಕಿಸಿದೆ ಎಂದು ಕೇಳುವುದರ ಜೊತೆಗೆ ಟಾರ್ಚ್ ಒಯ್ಯಲೇಬೇಕು. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಒಂದು ಬದಿಯಿಂದ ಬೆಳಕನ್ನು ಓರೆಯಾಗಿ ಹಾಯಿಸಿ ಇನ್ನೊಂದು ಬದಿಯಿಂದ ನೋಡಿದಾಗ ದೂಳಿನ ಒಂದೆರಡು ಕಣ ಕಂಡರೆ ಚಿಂತೆಯಿಲ್ಲ, ಎಳೆಯಂತೆ ಕವಲೊಡೆದ ಯಾವುದೇ ಗುರುತು ಕಂಡರೆ ಎಷ್ಟು ಅಗ್ಗವಾದರೂ ಬೇಡ. ಬೂಷ್ಟು ಹಿಡಿದ ಲೆನ್ಸನ್ನು ಒಳ್ಳೆಯ ಲೆನ್ಸುಗಳ ಡಬ್ಬಿಯಲ್ಲಿಡುವುದೂ ಸರಿಯಲ್ಲ.

ಎಂಟನೆಯ ಹೆಜ್ಜೆ: ಮೊದಲ ವಾರದ ಪರೀಕ್ಷೆ

ಕ್ಯಾಮೆರಾ ಬಂದ ದಿನವೇ ಮೆನುವಿನಲ್ಲಿ ವಿಡಿಯೊ ಪದ್ಧತಿಯನ್ನು ನಮ್ಮ ದೇಶದ ಪಾಲ್‌ಗೆ (PAL) ಬದಲಿಸಿ, ಸೆಕೆಂಡಿಗೆ 25 ಚೌಕಟ್ಟು, ಶಟರ್ ವೇಗ (ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಅವಧಿ) ಐವತ್ತನೇ ಒಂದು ಸೆಕೆಂಡಿಗೆ ಇರಿಸಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಟ್ಯೂಬ್‌ಲೈಟ್ ಮತ್ತು ಹಲವು ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಇದಕ್ಕೆ ಹೊಂದದ ವೇಗದಲ್ಲಿ ತೆಗೆದರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುವುದು ಇದರಿಂದಲೇ. ಕ್ಯಾಮೆರಾ ಕೆಟ್ಟಿದೆಯೆಂದು ಹಿಂದಿರುಗಿಸಲು ಹೊರಟವರನ್ನು ನಾನು ಕಂಡಿದ್ದೇನೆ.

ಅನಂತರ ಒಂದು ತಟ್ಟೆ ಪಂದಿ ಕರಿಯನ್ನೂ ಒಂದು ಮಂಜಿನ ಬೆಳಗನ್ನೂ ತೆಗೆದು ನೋಡಿ. ಕ್ಯಾಮೆರಾ ಕಂಡದ್ದನ್ನೆಲ್ಲ ನಡುಬೂದಿಯ ಹೊಳಪಿಗೆ ತರಲು ಯತ್ನಿಸುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಕುದಿಸಿದ ಕರಿಯ ಹತ್ತಿರದ ಚಿತ್ರದಲ್ಲಿ ಆ ಎಣ್ಣೆಗಪ್ಪು ಬಣ್ಣ ಮಾಸಲು ಕಂದಾಗುವುದು ಆ ಕಾರಣದಿಂದ. ಚಿತ್ರದ ಹೊಳಪನ್ನು ಏರಿಳಿಸುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು ಮೈನಸ್ 0.7ಕ್ಕೆ ಇಳಿಸಿ, ಬಲ್ಬು ಆರಿಸಿ, ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ತಂದು ಬೆಳಕು ಹಿಂಬದಿಯ ಓರೆಯಿಂದ ಬೀಳುವಂತೆ ಇಟ್ಟರೆ, ಕರಿ ಕಪ್ಪಾಗಿಯೇ ಉಳಿದು ಪ್ರತಿಯೊಂದು ತುಂಡಿನ ಕೊಬ್ಬಿನ ಅಂಚಿನಲ್ಲಿ ಹೊಳಪಿನ ಗೆರೆ ಮೂಡುತ್ತದೆ. ಪಕ್ಕದಲ್ಲಿರುವ ಕಡಂಬುಟ್ಟಿನ (ಅಕ್ಕಿತರಿಯ ಉಂಡೆಯ) ಬಿಳುಪೂ ಸುಟ್ಟುಹೋಗದೆ ಅಕ್ಕಿತರಿಯ ಒರಟು ಮೇಲ್ಮೈ ಕಾಣುತ್ತದೆ. ಮಂಜಿನಲ್ಲಿ ಇದರ ವಿರುದ್ಧ: ಬಿಳಿಯ ಮಂಜನ್ನು ಕ್ಯಾಮೆರಾ ಕೊಳೆಬೂದಿಯಾಗಿಸುವುದರಿಂದ ಪ್ಲಸ್ 0.7 ಅಥವಾ 1ಕ್ಕೆ ಏರಿಸಬೇಕು, ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಆಟೊದಿಂದ ಮೋಡದ ಗುರುತಿಗೆ ಬದಲಿಸಿದರೆ ನೀಲಿ ಛಾಯೆ ಇಳಿಯುತ್ತದೆ. ಈ ಎರಡು ಚಿತ್ರಗಳನ್ನು ಕೈಪಿಡಿ ನೋಡದೆ ಸರಿಪಡಿಸಲು ಬರುವಷ್ಟು ಗುಂಡಿಗಳ ಪರಿಚಯವಾದರೆ ಬ್ಲಾಗಿನ ಬಹುಪಾಲು ಕೆಲಸಕ್ಕೆ ಸಾಕು.

ಕೈಮಡ (ಕುಲದ ಹಿರಿಯರ ಗುಡಿ), ದೇವರಕಾಡು, ಐನ್‌ಮನೆಯ ದೀಪದ ಮುಂದೆ ಕ್ಯಾಮೆರಾ ಎತ್ತುವ ಮೊದಲು ಹಿರಿಯರನ್ನು ಕೇಳಿಕೊಳ್ಳಿ, ಒಪ್ಪಿದರೆ ಶಬ್ದವಿಲ್ಲದ ಶಟರ್ ಬಳಸಿ.

ಕೊಳ್ಳುವ ತಿಂಗಳ ಬಗ್ಗೆ ಒಂದು ಮಾತು ಉಳಿದಿದೆ. ರಜೆಯ ಹುಮ್ಮಸ್ಸಿನಲ್ಲಿ ಮೇ ತಿಂಗಳಲ್ಲಿ ಕೊಂಡ ಕ್ಯಾಮೆರಾ ಮೂರು ವಾರಗಳಲ್ಲಿ ಮಳೆಗೆ ಸಿಕ್ಕಿ ನಾಲ್ಕು ತಿಂಗಳು ಡಬ್ಬಿಯಲ್ಲೇ ಕುಳಿತು, ವಾರಂಟಿ ಒಂದು ವರ್ಷದ್ದಾದರೆ ಅದರ ಮೂರನೆಯ ಒಂದು ಭಾಗ ಹಾಗೆಯೇ ಕಳೆಯುತ್ತದೆ. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಮುಗಿದ ಮೇಲೆ ಕೊಂಡರೆ ಹಬ್ಬದ ರಿಯಾಯಿತಿಯೂ ಸಿಗಬಹುದು, ಮುಂದೆ ಹುತ್ತರಿಯ ಕದಿರು, ಕಾಫಿ ಕೊಯ್ಲು, ಕಣದ ಬಿಸಿಲು, ಹೂಮಳೆಯ ನಂತರದ ಬಿಳಿಯ ತೋಟ, ಇವೆಲ್ಲವನ್ನೂ ಒಂದೊಂದಾಗಿ ತೆಗೆಯುತ್ತಾ ಕ್ಯಾಮೆರಾದ ಕೊರತೆಗಳು ವಾರಂಟಿಯ ಅವಧಿಯೊಳಗೇ ಹೊರಬೀಳುತ್ತವೆ. ಡಬ್ಬಿ ಮತ್ತು ಸಿಲಿಕಾ ಜೆಲ್ಲನ್ನು ಮಾತ್ರ ಸೆಪ್ಟೆಂಬರ್‌ನಲ್ಲೇ ತಂದು, ಮಳೆ ಇನ್ನೂ ಬೀಳುತ್ತಿರುವಾಗ ಖಾಲಿ ಡಬ್ಬಿಯೊಳಗಿನ ಮಾಪಕ ಒಂದು ವಾರ 50ರ ಕೆಳಗೇ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ.